ಬೆಲ್ಲದ ಜೊತೆ ಇಟ್ಟ ನೀರು

ಮೂರು ಸಲ ಸೋಪು ಹಾಕಿ ಉಜ್ಜಿದರೂ ಗಿರಿಧರನ ಉಗುರಿನ ಸಂದಿಯಿಂದ ಹಸಿರು ಇಳಿಯುತ್ತಲೇ ಇತ್ತು. ಬೇಸಿನ್ನಿನ ಬಿಳುಪಿನ ಮೇಲೆ ಅದು ಎಳೆಯಾಗಿ ಜಾರಿ, ತೂತಿನ ಸುತ್ತ ಒಂದು ಸುತ್ತು ಹಾಕಿ, ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು ಎಳೆ ಹುಟ್ಟುತ್ತಿತ್ತು. ಒಣಗಿದ್ದಾಗ ಇಟ್ಟಿಗೆಯ ಪುಡಿಯಂತೆ ಕೆಂಪಗಿದ್ದು, ನೀರು ತಾಗಿದ ಕ್ಷಣಕ್ಕೆ ಗಿಳಿಹಸಿರಾಗಿ ಉರಿಯುವ ಆ ಬಣ್ಣವೇ ಅವನ ಅನ್ನ. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ತಿಳಿಯದಾದಾಗ ಅದರಲ್ಲಿ ಲೆಕ್ಕ ಹಾಕಿದಷ್ಟು ಬಣ್ಣ ಬಿಟ್ಟು, ಅದು ಎಲ್ಲಿ ತಲೆಯೆತ್ತುತ್ತದೆ ಎಂದು ಕಾಯುವುದು. ಕಂಡ ಜಾಗವನ್ನು ನಕ್ಷೆಯ ಮೇಲೆ ಗುರುತು ಮಾಡಿ ಕೊಡುವುದು. ನಿನ್ನೆ ಬೆಳಿಗ್ಗೆ ದೋಹಾದ ಹೊರಗೆ ಮೆಸಯೀದಿನ ದಾರಿಯಲ್ಲಿರುವ ಕಂಪನಿ ಬಡಾವಣೆಯೊಂದರ ತೋಟದ ತೊಟ್ಟಿಗೆ ಬಣ್ಣ ಬಿಟ್ಟು ಬಂದಿದ್ದ. ತೋಟದ ನೀರೆಂದರೆ ಊರಿನ ಕೊಳಚೆಯನ್ನೇ ಸೋಸಿ, ನೇರಳೆ ಬಣ್ಣದ ಪೈಪುಗಳಲ್ಲಿ ಕಳಿಸುವ ನೀರು. ಹುಲ್ಲಿಗೆ, ಖರ್ಜೂರದ ಮರಗಳಿಗೆ ಮಾತ್ರ. ತೊಟ್ಟಿಗೆ ಬಂದುದರಲ್ಲಿ ಐದರಲ್ಲೊಂದು ಪಾಲು ಹುಲ್ಲಿಗೆ ತಲುಪುತ್ತಿರಲಿಲ್ಲ. ಎಲ್ಲೋ ಮರಳಿನಡಿ ಪೈಪು ಸೋರುತ್ತಿದೆ, ಹುಡುಕಿಕೊಡಿ ಎಂದು ಕಂಪನಿ ಕೇಳಿತ್ತು. "ಅಪ್ಪಾ, ನಿನ್ನ ಫಿಂಗರ್ಸೇ ಲೀಕ್ ಆಗ್ತಿದೆ" ಎಂದು ಮಗಳು ಗಾನವಿ ಬ್ಯಾಗು ಹೆಗಲಿಗೇರಿಸುತ್ತ ನಕ್ಕಳು. ಅಡುಗೆಮನೆಯಿಂದ ಹೆಂಡತಿ ರಶ್ಮಿತಾ, "ಆ ಕೈಯಲ್ಲಿ ಕುಡಿಯೋ ನೀರಿನ ಕ್ಯಾನ್ ಮುಟ್ಟಬೇಡಿ, ನಾನೇ ಇಡ್ತೀನಿ" ಅಂದಳು.

ಗೇಬ್ರಿಯಲ್‌ನ ಫೋನು ಬಂದದ್ದು ಗಿರಿಧರ ಹಲ್ಲುಜ್ಜತೊಡಗಿದಾಗ. ಬಡಾವಣೆಯ ಮೇಂಟೆನೆನ್ಸು, ಅಲ್ಲಿಯ ತೋಟದ ಕೆಲಸಗಾರರ ಕ್ಯಾಂಪು, ಎರಡೂ ಅವನ ಕೈಕೆಳಗೆ. ಮಂಗಳೂರಿನವನು, ಇಪ್ಪತ್ತೆರಡು ವರ್ಷದಿಂದ ಕತಾರಿನಲ್ಲಿರುವವನು. ಕನ್ನಡ ಮಾತಾಡುವವರು ಸಿಕ್ಕಿದರೆ ದನಿ ತಾನೇ ಮೆತ್ತಗಾಗುತ್ತಿತ್ತು. "ಮಾರಾಯ್ರೆ, ಒಂದು ಡೌಟು. ನಿಮ್ಮ ಆ ಬಣ್ಣ ಮನುಷ್ಯನ ಮೈಗೆ ಎಂತಾದ್ರೂ ಮಾಡ್ತದಾ?" ಯಾರೋ ಕೆಲಸದವನ ಕೈಗೆ ತಾಗಿರಬೇಕು ಎಂದುಕೊಂಡು ಗಿರಿಧರ, "ಏನೂ ಇಲ್ಲ ಸರ್, ಕಣ್ಣಿನ ಡಾಕ್ಟರುಗಳು ಇದನ್ನೇ ಕಣ್ಣಿಗೆ ಹಾಕ್ತಾರೆ" ಅಂದ. "ಹೊಟ್ಟೆಗೆ ಹೋದ್ರೆ?" "ಹೋದ್ರೂ ನಿರಪಾಯ." "ಇಷ್ಟು ಸಾಕು, ಥ್ಯಾಂಕ್ಸು." ಹೊಟ್ಟೆಗೆ ಯಾಕೆ ಹೋಗಬೇಕು ಎಂದು ಅವನು ಕೇಳಲಿಲ್ಲ. ಬಾಯ್ತುಂಬ ಪೇಸ್ಟಿನ ನೊರೆಯಿತ್ತು ಎಂದು ಆಮೇಲೆ ತನಗೇ ಹೇಳಿಕೊಂಡ. ಆದರೆ ನೊರೆಯಿಟ್ಟುಕೊಂಡೇ ಕಣ್ಣಿನ ಡಾಕ್ಟರರ ವಿಷಯ ಹೇಳಿದ್ದನಲ್ಲ. ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ: ಹದಿನೇಳು ವರ್ಷದ ಕೆಲಸ ಅವನಿಗೆ ಕಲಿಸಿದ ಶಿಸ್ತು ಇದು, ಇದಕ್ಕೇ ಅವನಿಗೆ ಒಳ್ಳೆಯ ಹೆಸರು.

ಹತ್ತು ಗಂಟೆಗೆ ದೋಹಾದ ಆಫೀಸಿನಲ್ಲಿ ಕೂತಿದ್ದಾಗ ದೇಜಪ್ಪನಿಂದ ಫೋಟೋ ಬಂತು. ದೇಜಪ್ಪ ತೋಟದ ಕೆಲಸಗಾರರ ಫೋರ್‌ಮನ್. ನಿನ್ನೆ ತೊಟ್ಟಿಯ ಮುಚ್ಚಳದ ಇನ್ನೊಂದು ತುದಿ ಹಿಡಿದು ಎತ್ತಿಕೊಟ್ಟವನು. ಫೋಟೋದಲ್ಲಿ ಸ್ಟೀಲು ಲೋಟ, ಅಂಚಿನ ಮೇಲೆ ಮಣ್ಣು ಕೂತ ಹೆಬ್ಬೆರಳು, ಲೋಟದ ತುಂಬ ಎಳೆಯ ಹಸಿರು. ಕೆಳಗೆ ಒಂದು ವಾಯ್ಸ್ ಮೆಸೇಜು. "ಸಾರ್, ನಮ್ಮ ಟ್ಯಾಂಕಿಗೂ ಹಾಕಿದ್ರಾ? ನಿಮ್ಮ ಬಣ್ಣ ನಮ್ಮ ಕೂಲರಿನ ನಳ್ಳಿಯಲ್ಲಿ ಬಂತು ನೋಡಿ. ಚೆಂದ ಉಂಟು." ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು. ಗಿರಿಧರ ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದ. ಹಿಗ್ಗಿಸಿದಷ್ಟೂ ಹಸಿರು. ಎದುರಿನ ಗೋಡೆಯ ಮೇಲೆ ಬಡಾವಣೆಯ ನಕ್ಷೆ ತೂಗುತ್ತಿತ್ತು. ಸೋರಿಕೆ ಇರಬಹುದಾದ ಏಳು ಜಾಗಗಳಿಗೆ ಅವನೇ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ. ಕ್ಯಾಂಪಿನ ಸುತ್ತ ಹಾಕಿರಲಿಲ್ಲ. ಕ್ಯಾಂಪು ಆ ನಕ್ಷೆಯಲ್ಲೇ ಇರಲಿಲ್ಲ. ಸೋರಿಕೆ ಎಲ್ಲೂ ಇಲ್ಲ, ಪೈಪು ಎಲ್ಲೂ ಒಡೆದಿಲ್ಲ, ಹುಲ್ಲಿನ ಪಾಲಿನಲ್ಲಿ ಕಳೆದುಹೋದ ಐದನೇ ಒಂದು ಭಾಗವನ್ನು ಕ್ಯಾಂಪಿನ ಇನ್ನೂರ ಹದಿನಾಲ್ಕು ಜನ ಕುಡಿಯುತ್ತಿದ್ದಾರೆ ಎನ್ನುವುದು ಅವನಿಗೆ ಒಂದು ಯೋಚನೆಯಾಗಿ ಬರಲಿಲ್ಲ. ಯಾರೋ ಹಿಂದಿನಿಂದ ಎರಡೂ ಕಿವಿಯ ಮೇಲೆ ಹೊಡೆದ ಹಾಗೆ ಬಂತು. ಪಕ್ಕದ ಮೇಜಿನವನು ಲಂಚಿಗೆ ಏನು ತರಿಸೋಣ ಎಂದು ಕೇಳುತ್ತಿದ್ದ. ಬಾಯಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಹಮದ್ ಬಂದರಿನ ತಿರುವು ದಾಟುವವರೆಗೂ ಅವನಿಗೆ ತಾನು ಕಾರು ಓಡಿಸುತ್ತಿದ್ದೇನೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಜೂನಿನ ಬಿಸಿಲಿಗೆ ರಸ್ತೆಯ ತುದಿಯಲ್ಲಿ ನೀರು ನಿಂತ ಹಾಗೆ ಹೊಳೆಯುತ್ತಿತ್ತು, ಹತ್ತಿರ ಹೋದಂತೆ ಅಷ್ಟೇ ದೂರ ಓಡುತ್ತಿತ್ತು. ಮಾರ್ಚಿನಲ್ಲಿ ಮೊದಲ ಸಲ ಕ್ಯಾಂಪಿಗೆ ಹೋದಾಗ ದೇಜಪ್ಪ ತನ್ನ ರೂಮಿಗೆ ಕರೆದಿದ್ದ. ನಾಲ್ಕು ಮಂಚದ ರೂಮು. ಮಡಿಸಿಟ್ಟ ಕಂಬಳಿಯ ಮೇಲೆ ಕೂರಿಸಿ, ಸ್ಟೀಲಿನ ತಟ್ಟೆಯಲ್ಲಿ ತಾಳೆಗರಿಯಲ್ಲಿ ಕಟ್ಟಿ ತಂದ ವಾಲೆಬೆಲ್ಲದ ಒಂದು ತುಂಡು, ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟಿದ್ದ. "ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಸಾರ್. ಆಮೇಲೆ ಮಾತು." ಗಿರಿಧರ ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿದ, ತುಟಿಯ ಹತ್ತಿರ ತಂದ, ಏನೋ ಮಾತಾಡಲು ನೆನಪಾದವನಂತೆ ಕೆಳಗಿಳಿಸಿದ, ಮಾತಿನ ನಡುವೆ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಪರದೆಯ ಹಿಂದೆ ಸರಿಸಿದ. ಬೆಲ್ಲದ ಜಿಡ್ಡಿಗೆ ಗಂಟಲು ಒಣಗಿದಾಗ ಬ್ಯಾಗಿನಿಂದ ತನ್ನ ಬಾಟಲಿ ತೆಗೆದು ಕುಡಿದ. ದೇಜಪ್ಪ ಆಗ ಮಂಚದ ಕಾಲಿನ ಕಡೆ ನೋಡುತ್ತಿದ್ದ. ನೋಡಿರಲಿಕ್ಕಿಲ್ಲ ಎಂದು ಗಿರಿಧರ ಮೂರು ತಿಂಗಳು ನಂಬಿದ್ದ. ಅವತ್ತೇ ದೇಜಪ್ಪ, "ನೀರಿಗೆ ಒಂದು ನಮೂನೆ ವಾಸನೆ ಉಂಟು ಸಾರ್, ಹುಡುಗರಿಗೆ ಹೊಟ್ಟೆ ಸರಿ ಇರುದಿಲ್ಲ, ಮೈಯಲ್ಲಿ ತುರಿಕೆ" ಅಂದಿದ್ದ. ಗಿರಿಧರ ಕ್ಲೋರಿನ್ ಮೀಟರು ತೆಗೆದು ನೋಡಿದ. ಸರಿಯಾಗಿತ್ತು. "ಕ್ಲೋರಿನ್ ವಾಸನೆ, ಅಷ್ಟೆ. ವಾಸನೆ ಇದ್ದರೇ ಒಳ್ಳೇದು" ಅಂದಿದ್ದ. ತೋಟದ ನೀರಿಗೂ ಕ್ಲೋರಿನ್ ಹಾಕುತ್ತಾರೆ. ಉಪ್ಪಿನಂಶ ಅಳೆಯುವ ಪೆನ್ನು ಅದೇ ಬ್ಯಾಗಿನಲ್ಲಿತ್ತು. ಸಮುದ್ರದ ನೀರನ್ನು ಸಿಹಿಮಾಡಿ ಮನೆಗೆ ಕಳಿಸುವ ನೀರಿಗೂ ಕೊಳಚೆ ಸೋಸಿದ ನೀರಿಗೂ ಉಪ್ಪಿನಲ್ಲಿ ಐದಾರು ಪಟ್ಟು ಅಂತರ. ಪೆನ್ನು ಅದ್ದಿದ್ದರೆ ಅರ್ಧ ನಿಮಿಷದಲ್ಲಿ ಕೂಗಿ ಹೇಳುತ್ತಿತ್ತು. ಅದ್ದಲಿಲ್ಲ. ಕ್ಯಾಂಪಿನ ನೀರು ಅವನ ಕೆಲಸದ ಸ್ಕೋಪಿನಲ್ಲಿ ಇರಲಿಲ್ಲ.

ಹುಲ್ಲಿನ ನೀರು ಇತ್ತು. ಲೀಟರು ಲೀಟರಿಗೆ ಲೆಕ್ಕವಿತ್ತು. ಹುಲ್ಲು ಒಂದು ಗೇಣು ಹಳದಿಯಾದರೆ ಎರಡು ಮೇಲ್ ಬರುತ್ತಿದ್ದವು, ಮೀಟಿಂಗ್ ಆಗುತ್ತಿತ್ತು, ಪರದೇಶದಿಂದ ಬಣ್ಣ ತರಿಸಲಾಗುತ್ತಿತ್ತು. ಮನುಷ್ಯರ ಹೊಟ್ಟೆ ಹದಗೆಟ್ಟರೆ ಕ್ಯಾಂಪಿನ ಕಾಂಪೌಂಡರ್ ಬಿಳಿ ಮಾತ್ರೆ ಕೊಡುತ್ತಿದ್ದ.

ಮೈಸೂರಿನ ಮನೆಯ ಹಿತ್ತಲಲ್ಲಿ ಮೋರಿ ತೆಗೆಯುವವನು ಬರುತ್ತಿದ್ದ. ಹೆಸರು ಯಾರೂ ಹೇಳಿರಲಿಲ್ಲ, ಗಿರಿಧರನೂ ಕೇಳಿರಲಿಲ್ಲ. ಕೆಲಸ ಮುಗಿದ ಮೇಲೆ ಅವನು ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೊಗಸೆಯೊಡ್ಡುತ್ತಿದ್ದ. "ಮೇಲಿಂದ ಹುಯ್ಯೋ, ತಾಗಿಸಬೇಡ" ಎಂದು ಅಜ್ಜಿ ಬಾಗಿಲಿನೊಳಗಿನಿಂದ ಹೇಳುತ್ತಿದ್ದಳು. ಎಂಟು ವರ್ಷದ ಗಿರಿಧರನಿಗೆ ಅದೊಂದು ಆಟ. ಚೊಂಬನ್ನು ಎಷ್ಟು ಎತ್ತರಕ್ಕೆ ಎತ್ತಿದರೂ ಧಾರೆ ಮುರಿಯದೆ ಬೊಗಸೆಗೇ ಬೀಳಬೇಕು. ಕಲ್ಲಿನ ಮೇಲೆ ಹತ್ತಿ ನಿಂತು ಹುಯ್ಯುತ್ತಿದ್ದ. ನೀರು ಆ ಮನುಷ್ಯನ ಮೊಣಕೈಯಿಂದ ಇಳಿದು ಮೋರಿಗೆ ಸೇರುತ್ತಿತ್ತು. ಅವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ನೀರಿನ ಹರಿವನ್ನು ಗಿರಿಧರ ಮೊದಲು ಅಭ್ಯಾಸ ಮಾಡಿದ್ದು ಅಲ್ಲಿ. ಇದು ಈಗ ಯಾಕೆ ನೆನಪಾಗಬೇಕು ಎಂದು ಅವನು ಎಸಿಯ ಗಾಳಿಯನ್ನು ಮುಖದ ಕಡೆ ತಿರುಗಿಸಿಕೊಂಡ. ತಾನು ಕಾಲೇಜಿನಲ್ಲಿ ಜನಿವಾರ ತೆಗೆದವನು. ಬೀಫ್ ಬಿರಿಯಾನಿಯ ಮೇಜಿನಲ್ಲಿ ಕೂತು ಊಟ ಮಾಡಿದವನು. ಕಿಟಕಿಯ ಕಟ್ಟೆ, ಪರದೆ, ಲೋಟ.

ಗೇಬ್ರಿಯಲ್ ಕ್ಯಾಂಪಿನ ಹಿಂದೆ ನೀರಿನ ಟ್ಯಾಂಕಿನ ನೆರಳಿನಲ್ಲೇ ಸಿಕ್ಕ. ಟ್ಯಾಂಕಿಗೆ ಬಿಳಿ ಪೈಪೊಂದು ಹೋಗಿತ್ತು. ಗಿರಿಧರ ಉಗುರಿನಿಂದ ಕೆರೆದ. ಬಿಳಿ ಬಣ್ಣದ ಸಿಪ್ಪೆ ಎದ್ದು ಒಳಗಿನ ನೇರಳೆ ಕಾಣಿಸಿತು. ಯಾರೋ ಕೂತು, ಬ್ರಷ್ಷು ಹಿಡಿದು, ಬಿಳಿ ಬಳಿದಿದ್ದರು.

"ಯಾವಾಗಿಂದ ಸರ್?"

"ವಕೀಲರ ಹಾಗೆ ಕೇಳ್ಬೇಡಿ ಮಾರಾಯ್ರೆ. ಹೋದ ವರ್ಷ ಎಪ್ರಿಲ್‌ನಲ್ಲಿ ಟ್ಯಾಂಕರ್‌ನವ ಒಂದು ವಾರ ಬರ್ಲಿಲ್ಲ. ಸ್ನಾನಕ್ಕೆ, ಟಾಯ್ಲೆಟ್ಟಿಗೆ ಅಂತ ಒಂದು ಲೈನ್ ಎಳೆದದ್ದು. ಟೆಂಪರರಿ."

"ಆಮೇಲೆ ತೆಗೀಲಿಲ್ಲ."

"ಆಮೇಲೆ ಮೇಲಿನವರು ಟ್ಯಾಂಕರನ್ನೇ ಅರ್ಧ ಕಟ್ ಮಾಡಿದ್ರು. ಟೆಂಪರರಿ ಅಂತ ನೀವು ನಗ್ತೀರಿ. ಇಲ್ಲಿ ನಾನು ಇಪ್ಪತ್ತೆರಡು ವರ್ಷ ಟೆಂಪರರಿ, ನನ್ನ ವೀಸಾ ನೋಡಿ." ಗೇಬ್ರಿಯಲ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅವನ ಮುಖದಲ್ಲಿ ಕೋಪವಿರಲಿಲ್ಲ, ನಿದ್ದೆಗೆಟ್ಟವನ ದಣಿವಿತ್ತು. "ಈ ನೀರು ಕುಡಿದು ಒಬ್ಬರೂ ಸತ್ತಿಲ್ಲ. ಮೂರು ಸಲ ಸೋಸಿದ ನೀರು, ನಿಮಗೆ ನನಗಿಂತ ಗೊತ್ತುಂಟು."

"ಹುಲ್ಲಿಗೆ ಸೋಸಿದ್ದು. ಈಗಲಾದ್ರೂ ವಾಲ್ವ್ ಮುಚ್ಚಿದ್ದೀರಾ?"

"ಮುಚ್ಚಿದ್ರೆ ಅವರೆಲ್ಲ ಈ ಸೆಕೆಗೆ ಮೀಯುದು ಎಲ್ಲಿ? ನಿಮ್ಮ ಮನೆಗೆ ಕಳಿಸ್ಲಾ? ಮುಂದಿನ ವಾರ ನೋಡುವ. ನೀವು ಪೂರ್ವದ ಬೇಲಿ ಹತ್ತಿರ ಸೋರಿಕೆ ಅಂತ ಬರೀರಿ, ನಾನು ಪೈಪ್ ಬದಲಿಸಿದೆ ಅಂತ ಫೋಟೋ ಹಾಕ್ತೇನೆ. ಖಲಾಸ್." ಕಾರಿನ ಬಾಗಿಲು ತೆರೆದು ನಿಂತವನು ತಿರುಗಿದ. "ಸಂಜೆಯೊಳಗೆ ಬಣ್ಣ ಹೋಗ್ತದಲ್ಲ?"

"ಹೋಗುತ್ತೆ" ಎಂದ ಗಿರಿಧರ. ಹೊಸ ನೀರು ಬಂದ ಹಾಗೆ ತೆಳುವಾಗುತ್ತೆ, ನಾಲ್ಕು ಗಂಟೆಗೆ ಕಣ್ಣಿಗೇ ಕಾಣಿಸಲ್ಲ. ತನ್ನ ದನಿ ತನಗೇ ಕೇಳಿಸಿತು: ಸ್ಪಷ್ಟ, ವಿನಯ, ತಜ್ಞನದು. ಕೇಳಿದಷ್ಟಕ್ಕೇ ಉತ್ತರ. ಗೇಬ್ರಿಯಲ್ ಹೊರಟು ಹೋದ ಮೇಲೂ ಅವನ ನಾಲಿಗೆಯ ಮೇಲೆ ಆ ಉತ್ತರ ಹಾಗೇ ಇತ್ತು, ಉಗಿಯಲೂ ಆಗದ ಹಾಗೆ. ನಾಲ್ಕು ಗಂಟೆಗೆ ನೀರು ತಿಳಿಯಾಗುತ್ತದೆ. ತಿಳಿಯಾದ ನೀರನ್ನು ಇವರು ನಾಳೆಯೂ ಕುಡಿಯುತ್ತಾರೆ, ಮುಂದಿನ ವಾರವೂ ಕುಡಿಯುತ್ತಾರೆ. ಹಸಿರು ಒಂದು ಬೆಳಿಗ್ಗೆ ಬಂದುಹೋದ ತಮಾಷೆಯಾಗುತ್ತದೆ.

ಬೇಸಿಗೆಯ ನಿಯಮದಂತೆ ಹತ್ತರಿಂದ ಮೂರೂವರೆಯವರೆಗೆ ಬಿಸಿಲಲ್ಲಿ ಕೆಲಸವಿಲ್ಲ. ಹಾಗಾಗಿ ಜನವೆಲ್ಲ ಕ್ಯಾಂಪಿನಲ್ಲಿತ್ತು. ಕೂಲರಿನ ಮುಂದೆ ಬಾಟಲಿ ಹಿಡಿದವರ ಸಾಲು. ಫಿಲ್ಟರು ಸತ್ತು ಎಷ್ಟು ಕಾಲವಾಗಿತ್ತೋ, ನಳ್ಳಿಯಿಂದ ಹಸಿರು ನಿರಾತಂಕವಾಗಿ ಬೀಳುತ್ತಿತ್ತು. ಒಬ್ಬ ಬಾಟಲಿಯನ್ನು ಬಿಸಿಲಿಗೆ ಹಿಡಿದು ಶರಬತ್ತು ಎಂದ, ಇನ್ನೊಬ್ಬ ನಕ್ಕು ಅದನ್ನು ಕಿತ್ತುಕೊಂಡು ಅರ್ಧ ಕುಡಿದ. ಕೂಲರಿನ ಮೇಲೆ ಐದು ಭಾಷೆಯಲ್ಲಿ ಐದು ಹಾಳೆ ಅಂಟಿಸಿದ್ದರು. ಕನ್ನಡದ್ದು ಕೊನೆಯದು. "ಇಂದು ನೀರಿನಲ್ಲಿ ಕಾಣುವ ಹಸಿರು ಬಣ್ಣವು ನಿರಪಾಯಕಾರಿ ಎಂದು ಜಲತಜ್ಞ ಶ್ರೀ ಗಿರಿಧರ್ ಅವರು ಖಚಿತಪಡಿಸಿದ್ದಾರೆ. ಎಂದಿನಂತೆ ಕುಡಿಯಬಹುದು." ಮೊದಲ ವಾಕ್ಯ ಅವನದೇ. ಎರಡನೆಯದು ಅದರ ಬೆನ್ನಿಗೆ ಅಂಟಿಕೊಂಡು, ಅವನದೇ ಮುಖ ಹಾಕಿಕೊಂಡು ನಿಂತಿತ್ತು. ಅವನು ಎರಡು ಸಲ ಓದಿದ. ಸುಳ್ಳು ಎಲ್ಲಿದೆ ಎಂದು ಹುಡುಕಿದ. ಹುಡುಕಿದರೆ ಸಿಗದ ಹಾಗಿತ್ತು.

"ನಾನೇ ಎಲ್ಲರಿಗೂ ಹೇಳಿದ್ದು ಸಾರ್" ಎಂದು ದೇಜಪ್ಪ ಹಿಂದಿನಿಂದ ಬಂದ. ಐವತ್ತರ ಹತ್ತಿರದ ಗಟ್ಟಿ ಮನುಷ್ಯ, ಒದ್ದೆ ಬೈರಾಸು ಹೆಗಲ ಮೇಲೆ. "ಬೆಳಿಗ್ಗೆ ಯಾರೂ ಕುಡೀಲಿಕ್ಕೆ ತಯಾರಿಲ್ಲ. ಬಂಗಾಳಿಗಳು ಗಲಾಟೆ ಮಾಡಿದ್ರು. ಮಾಫಿ ಮುಷ್ಕಿಲ್, ಎಂತ ತೊಂದರೆ ಇಲ್ಲ, ಇದು ನಮ್ಮ ಕನ್ನಡದ ಸಾರ್ ಹೇಳಿದ್ದು, ಅವರು ಸುಳ್ಳು ಹೇಳುವ ಜನ ಅಲ್ಲ ಅಂತ ನಾನೇ ಮೊದಲು ಒಂದು ಲೋಟ ಕುಡಿದು ತೋರಿಸಿದೆ. ಬನ್ನಿ, ಒಳಗೆ ಬನ್ನಿ."

ಅದೇ ರೂಮು, ಅದೇ ಕಂಬಳಿ. ತಟ್ಟೆಯಲ್ಲಿ ಬೆಲ್ಲ ಬಂತು, ಪಕ್ಕದಲ್ಲಿ ಲೋಟ. ಲೋಟದ ಹಸಿರು ಆಗಲೇ ತೆಳ್ಳಗಾಗಿತ್ತು. ಎಳನೀರಿಗೆ ಒಂದು ಎಲೆಯ ನೆರಳು ಬಿದ್ದಷ್ಟು. ಗಿರಿಧರ ಗಂಟೆ ನೋಡಿಕೊಂಡ. ಹನ್ನೆರಡೂಮುಕ್ಕಾಲು.

"ಕುಡಿಯಬೇಡಿ ದೇಜಪ್ಪ. ಯಾರೂ ಕುಡಿಯಬೇಡಿ."

"ಬಣ್ಣ ಎಂತ ಮಾಡುದಿಲ್ಲ ಅಂತ ನೀವೇ..."

"ಬಣ್ಣ ಏನೂ ಮಾಡಲ್ಲ. ನೀರು." ಅವನು ಹೇಳಿದ. ನೇರಳೆ ಪೈಪು, ಮೇಲಿನ ಬಿಳಿ ಬಣ್ಣ, ಎಪ್ರಿಲ್ ತಿಂಗಳು, ಎಲ್ಲವನ್ನೂ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದ. ದೇಜಪ್ಪನಿಗೆ ಆ ನೀರು ಗೊತ್ತಿತ್ತು. ದಿನಾ ಅದರಲ್ಲೇ ಕೈಯಾಡಿಸುವವನು, ಕೈ ತೊಳೆಯದೆ ಊಟಕ್ಕೆ ಕೂರಬಾರದೆಂದು ಹೊಸಬರಿಗೆ ಬೈಯುವವನು. ಅವನು ಬೈರಾಸಿನ ತುದಿಯನ್ನು ಬಾಯಿಗೆ ಒತ್ತಿಕೊಂಡ. ಇನ್ನೊಂದು ಕೈಯ ಬೆರಳು ಮಡಿಸಿ ಲೆಕ್ಕ ಹಾಕಿ, "ಹದಿನಾಲ್ಕು ತಿಂಗಳು" ಎಂದ. ಆಮೇಲೆ ಅವನ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು, ಪರದೆಗೆ ಹೋಯಿತು, ಅಲ್ಲಿಂದ ಗಿರಿಧರನ ಮುಖಕ್ಕೆ ಬಂತು.

"ಅವತ್ತು ನೀವು ಕುಡೀಲಿಲ್ಲ."

ಗಿರಿಧರನ ಕಣ್ಣೂ ಪರದೆಯ ಕಡೆ ಹೋಯಿತು.

"ಇಲ್ಲಿ ಹಿಂದೆ ಇಟ್ಟು ಹೋದಿರಿ. ನೀವು ಹೋದ ಮೇಲೆ ನಾನೇ ತೆಗೆದು ಕುಡಿದೆ, ಚೆಲ್ಲುದು ಯಾಕೆ ಅಂತ. ಇವರು ಜಾತಿಯಲ್ಲಿ ದೊಡ್ಡವರು, ನಮ್ಮ ಕೈ ನೀರು ಆಗುದಿಲ್ಲ, ಆದ್ರೂ ಬೆಲ್ಲ ತಿಂದ್ರಲ್ಲ ಅಂತ ಎಣಿಸಿದೆ. ಬೇಜಾರು ಮಾಡ್ಕೊಳ್ಳಿಲ್ಲ. ಈಗ ಗೊತ್ತಾಯ್ತು. ನಿಮಗೆ ಅವತ್ತೇ ಗೊತ್ತಿತ್ತು. ನೀರು ಎಂತದ್ದು ಅಂತ ಗೊತ್ತಿದ್ದೇ ಕುಡೀಲಿಲ್ಲ, ನಮಗೆ ಒಳ್ಳೇದು ಅಂತ ಹೇಳಿ ಹೋದಿರಿ."

ಬಾಗಿಲಲ್ಲಿ ಮೂರು ನಾಲ್ಕು ಜನ ನಿಂತಿದ್ದರು, ಮಾತು ಅರ್ಥವಾಗದೆ ಮುಖ ನೋಡುತ್ತ. ಗಿರಿಧರನೊಳಗೆ ಏನೋ ಅವಸರದಿಂದ ಎದ್ದಿತು: ಇಲ್ಲ, ಗೊತ್ತಿರಲಿಲ್ಲ, ಆಣೆಯಾಗಿ ಗೊತ್ತಿರಲಿಲ್ಲ. ಅದು ನಿಜ. ಕೂಗಿ ಹೇಳಬಹುದಾದ ನಿಜ. ಆದರೆ ಗೊತ್ತಿರಲಿಲ್ಲ ಅಂದರೆ ಮತ್ತೆ ಯಾಕೆ? ಲೋಟವನ್ನು ತುಟಿಯವರೆಗೆ ತಂದ ಕೈಯನ್ನು ಇಳಿಸಿದ್ದು ಯಾರು? ಶುಚಿ, ಅಭ್ಯಾಸ, ವೃತ್ತಿಯ ಎಚ್ಚರ ಎಂದು ಒಂದೊಂದೇ ಹೆಸರು ಹಿಡಿದು ನೋಡಿದ, ಒಂದೂ ನಿಲ್ಲಲಿಲ್ಲ. ಅದೇ ತಿಂಗಳು ಬಡಾವಣೆಯ ವಿಲ್ಲಾ ಒಂದರಲ್ಲಿ ಬೆಳ್ಳಗಿನ ಹೆಂಗಸೊಬ್ಬಳು ನಳ್ಳಿಯಿಂದಲೇ ಹಿಡಿದು ಕೊಟ್ಟ ನೀರನ್ನು ಅವನು ಗಟಗಟ ಕುಡಿದಿದ್ದ. ಮೇಲಿಂದ ಹುಯ್ಯೋ, ತಾಗಿಸಬೇಡ. ಗೊತ್ತಿತ್ತೆಂದು ಒಪ್ಪಿ, ಕೊಲೆಗಡುಕ ಎನ್ನಿಸಿಕೊಂಡು ಉಳಿಯಬಹುದಾದ ದಾರಿ ಒಂದಿತ್ತು. ನಿಜ ಹೇಳಿ ಅದಕ್ಕಿಂತ ಸಣ್ಣವನಾಗುವ ದಾರಿ ಇನ್ನೊಂದು.

"ಗೊತ್ತಿರಲಿಲ್ಲ ದೇಜಪ್ಪ" ಎಂದ.

ದೇಜಪ್ಪ ಕಾಯ್ದ. ಮುಂದಿನ ಮಾತು ಬರಲಿಲ್ಲ. ಬರದೇ ಇದ್ದದ್ದನ್ನು ಅವನು ನಿಧಾನವಾಗಿ ಅರ್ಥ ಮಾಡಿಕೊಂಡದ್ದು ಅವನ ಮುಖದಲ್ಲಿ ಕಾಣಿಸಿತು. ಬೈಯಲಿಲ್ಲ. ತಟ್ಟೆಯ ಮೇಲಿನ ಬೆಲ್ಲವನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ತಿರುವಿದ.

ಗಿರಿಧರ ಹೊರಗೆ ಬಂದು ಕೂಲರಿನ ಮೇಲಿದ್ದ ಐದೂ ಹಾಳೆಗಳನ್ನು ಕಿತ್ತ. ಕಾರಿನ ಡಿಕ್ಕಿಯಲ್ಲಿ ಬಣ್ಣದ ಡಬ್ಬಿ ಇತ್ತು. ನಿನ್ನೆ ಹಾಕಿದ್ದು ಅದರಲ್ಲಿ ಎರಡು ಚಮಚ, ತೂಗಿ ಅಳೆದು. ಉಳಿದದ್ದು ಒಂದು ಕಿಲೋ. ಇಷ್ಟನ್ನೂ ಸುರಿದರೆ ಹುಲ್ಲು, ಕಾರಂಜಿ, ವಿಲ್ಲಾಗಳ ಮುಂದಿನ ಖರ್ಜೂರದ ಬುಡ, ಈ ಕ್ಯಾಂಪಿನ ನಳ್ಳಿಗಳು ಎಲ್ಲ ವಾರಗಟ್ಟಲೆ ಉರಿಯುತ್ತವೆ. ಯಾವ ಹಾಳೆ ಅಂಟಿಸಿದರೂ ಒಬ್ಬನೂ ಬಾಯಿಗೆ ಹಾಕಲಾರ, ಯಾವ ಮ್ಯಾನೇಜರನೂ ಪೂರ್ವದ ಬೇಲಿ ಎನ್ನಲಾರ. ಅವನ ಕೆಲಸ ಹೋಗುತ್ತದೆ, ಇನ್ನೂ ಏನೇನೋ ಆಗುತ್ತದೆ. ರಶ್ಮಿತಾಳ ಮುಖ, ಗಾನವಿಯ ಬ್ಯಾಗು ಕಣ್ಣೆದುರು ಬಂದವು. ತೋಟದ ತೊಟ್ಟಿಯವರೆಗೆ ಬಿಸಿಲಿನಲ್ಲಿ ನಡೆದ. ಕಬ್ಬಿಣದ ಮುಚ್ಚಳ ಬೆರಳನ್ನು ಸುಟ್ಟಿತು. ಎರಡು ಜನ ಬೇಕಾಗುವ ಮುಚ್ಚಳ. ಒಂದು ತುದಿ ಎದ್ದರೆ ಇನ್ನೊಂದು ಕಚ್ಚಿಕೊಳ್ಳುತ್ತಿತ್ತು. ಮೂರನೆಯ ಸಲ ಜಾರಿ ಮೊಣಕಾಲೂರಿದಾಗ ಎದುರಿಗೆ ನೆರಳು ಬಿತ್ತು. ದೇಜಪ್ಪ ರೂಮಿನಿಂದ ತಂದಿದ್ದ ಅದೇ ಲೋಟವನ್ನು ಮರಳಿನ ಮೇಲೆ ಜೋಪಾನವಾಗಿ ಇಟ್ಟು, ಬೈರಾಸು ಸುತ್ತಿದ ಕೈಯಿಂದ ತನ್ನ ತುದಿ ಹಿಡಿದ.

"ಎಷ್ಟು ದಿನ ಇರ್ತದೆ?"

"ಎರಡು ವಾರ. ಜಾಸ್ತಿಯೂ ಇರಬಹುದು."

ಮುಚ್ಚಳ ಎದ್ದಿತು. ಗಿರಿಧರ ಡಬ್ಬಿಯನ್ನು ಬೋರಲು ಹಾಕಿದ. ಕೆಂಪು ಪುಡಿ ಕತ್ತಲಿನೊಳಗೆ ಇಳಿದು, ನೀರು ತಾಗಿದಲ್ಲೆಲ್ಲ ಹಸಿರು ಬಾಯಿ ತೆರೆಯಿತು. ತಳಕ್ಕೆ ಅಂಟಿದ್ದನ್ನು ಬೆರಳಿನಿಂದಲೇ ಕೆರೆದು ಹಾಕಿದ. ಎದ್ದು ನಿಂತಾಗ ಎರಡೂ ಕೈ ಮಣಿಕಟ್ಟಿನವರೆಗೆ ಇಟ್ಟಿಗೆಗೆಂಪಾಗಿದ್ದವು.

ದೇಜಪ್ಪ ಲೋಟ ಎತ್ತಿಕೊಂಡ. ಅರೆಕ್ಷಣ ಅದನ್ನು ನೋಡಿದ.

"ಕೈ ತೊಳ್ಕೊಳ್ಳಿ ಸಾರ್."

ಲೋಟವನ್ನು ಅವನು ಎದೆಯೆತ್ತರಕ್ಕೆ ಎತ್ತಿ, ಎಲ್ಲೂ ತಾಗದ ಹಾಗೆ, ಮೇಲಿನಿಂದ ಹುಯ್ಯತೊಡಗಿದ. ಧಾರೆ ಮುರಿಯಲಿಲ್ಲ. ಗಿರಿಧರನ ಕೈಗಳು ಉಜ್ಜಿಕೊಳ್ಳುವುದನ್ನು ಮರೆತು, ತಾವೇ ಕೂಡಿಕೊಂಡು, ಬೊಗಸೆಯಾಗಿದ್ದವು. ಹಸಿರು ಅವುಗಳಲ್ಲಿ ತುಂಬಿ, ಮೊಣಕೈಯಿಂದ ಇಳಿದು, ಮರಳಿಗೆ ಸೇರುತ್ತಿತ್ತು.